ಬೋಲ್ಟಿಗಾಗಿ ಕಾಯುತ್ತಿದ್ದ ಕಾಕಾ

ಕಾಕಾ ತೀರಿಕೊಂಡ ಸುದ್ದಿಯನ್ನು ಅವರ ಹೆಂಡತಿ ಕಾಕು ಫೋನಿನಲ್ಲಿ ಹೇಳಿದರು. ಅವರು ಅತ್ತರು, ನಾನೂ ಅತ್ತೆ. ಆಮೇಲೆ ಕಾಕು ಮೂಗು ಒರೆಸಿಕೊಂಡು, ‘ಶೆಡ್ಡಿನ್ಯಾಗ ಯಾರದೋ ಪಂಪು ಬಿಚ್ಚಾಕ ಇಟ್ಟಾರ ತಂಗಿ. ಎಣ್ಣಿ ಹಾಕ್ಯಾರ. ಗುರುವಾರತನಾ ಯಾರೂ ಮುಟ್ಟಬ್ಯಾಡ್ರಿ ಅಂತ ಹೇಳಿ ಹೋಗ್ಯಾರ’ ಎಂದರು. ಅವತ್ತು ಮಂಗಳವಾರ. ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಕಾಕುಗೂ ಬಂತು. ಸಾವಿನ ಸುದ್ದಿ ಹೇಳುವ ಫೋನಿನಲ್ಲಿ ಇಬ್ಬರು ಹೆಂಗಸರು ಹೀಗೆ ನಕ್ಕದ್ದನ್ನು ಯಾರಾದರೂ ಕೇಳಿಸಿಕೊಂಡಿದ್ದರೆ ನಮ್ಮ ಬಗ್ಗೆ ಏನು ತಿಳಿದುಕೊಳ್ಳುತ್ತಿದ್ದರೋ ಗೊತ್ತಿಲ್ಲ.

ಕಾಕಾನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾಗಪುರದ ಧರಮಪೇಠದಲ್ಲಿ ಅಷ್ಟು ವರ್ಷ ಇದ್ದರೂ ಆ ಗಲ್ಲಿಯ ಅರ್ಧ ಜನಕ್ಕೆ ಅವರ ಹೆಸರು ಗೊತ್ತಿರಲಿಲ್ಲ. ಮರಾಠಿಯವರಿಗೆ ಕಾಕಾ, ಹಿಂದಿಯವರಿಗೆ ಕಾಕಾ, ಮೈಸೂರಿನಿಂದ ಬಂದು ಯಾರನ್ನೂ ಕಾಕಾ ಎಂದು ಕರೆದು ಗೊತ್ತಿಲ್ಲದ ನನಗೂ ವಾರದೊಳಗೆ ಕಾಕಾ. ಬಾಗಲಕೋಟೆ ಕಡೆಯ ಹಳ್ಳಿಯವರು. ವಾಯುಸೇನೆಯಲ್ಲಿ ವಿಮಾನದ ಇಂಜಿನ್ ರಿಪೇರಿ ಮಾಡುತ್ತ ದೇಶವೆಲ್ಲ ಸುತ್ತಿ, ಕೊನೆಗೆ ನಾಗಪುರದಲ್ಲಿ ನಿವೃತ್ತರಾಗಿ ಅಲ್ಲೇ ನೆಲೆ ನಿಂತವರು. ಊರಿಗೆ ಯಾಕೆ ಹೋಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. ‘ಇಲ್ಲಿ ಮನಿಗೊಂದು ಕೂಲರ್ ಐತ್ರಿ. ನಾಕ್ ತಿಂಗಳ ನೀರು ಕುಡಿತಾವು, ಎಂಟ್ ತಿಂಗಳ ಮೂಲ್ಯಾಗ ಕುಂಡ್ರತಾವು. ತುಕ್ಕಿಗೆ ಇದಕ್ಕಿಂತ ಚಲೋ ಊರು ಎಲ್ಲೈತಿ?’ ಎಂದರು.

ನನಗೆ ಅವರ ಪರಿಚಯವಾದದ್ದೂ ಕೂಲರಿನಿಂದಲೇ. ನಾನು ನಾಗಪುರಕ್ಕೆ ಬಂದ ಮೊದಲ ಬೇಸಿಗೆ. ಬಾಡಿಗೆ ಮನೆಯ ಜೊತೆ ಬಂದಿದ್ದ ಹಳೆಯ ಕೂಲರಿನ ಫ್ಯಾನು ತಿರುಗಲಿಲ್ಲ. ಅದನ್ನು ಹಿಡಿದಿದ್ದ ಸ್ಕ್ರೂ ಅಲ್ಲಾಡಲಿಲ್ಲ. ನಾನು ಅಡುಗೆಮನೆಯಿಂದ ಕುಟ್ಟಾಣಿ ತಂದು ಹೊಡೆಯತೊಡಗಿದೆ. ಹೊಡೆತಕ್ಕೊಂದರಂತೆ ಬೈಗುಳವನ್ನೂ ಸೇರಿಸಿದೆ. ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯ. ಗೇಟಿನ ಹೊರಗಿನಿಂದ ಒಂದು ಗಂಭೀರ ದನಿ ಕೇಳಿತು: ‘ಬೈಗುಳಾ ಮೈಸೂರಿಂದು. ಹೊಡತಾ ಯಾ ಊರಿಂದ್ರಿ?’

ಬಿಳಿ ಮೀಸೆ, ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ. ನಾಚಿಕೆಯಿಂದ ಕುಟ್ಟಾಣಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಅವರು ಒಳಗೆ ಬಂದು, ಚೀಲ ಕೆಳಗಿಟ್ಟು, ಸ್ಕ್ರೂವನ್ನು ಡಾಕ್ಟರು ನಾಲಿಗೆ ನೋಡುವಂತೆ ನೋಡಿದರು. ಜೇಬಿನಿಂದ ಕೆಮ್ಮಿನ ಔಷಧದ ಬಾಟಲಿ ತೆಗೆದು ಅದರಿಂದ ಎರಡು ಹನಿ ಕೆಂಪು ಎಣ್ಣೆ ಬಿಟ್ಟರು. ‘ನಾಳಿಗೆ ಬರ್ತೀನಿ’ ಎಂದು ಹೊರಟೇಬಿಟ್ಟರು.

‘ನಾಳೆನಾ? ಇವತ್ತು ನಲವತ್ತಮೂರು ಡಿಗ್ರಿ ಇದೆ ಸಾರ್’ ಎಂದೆ.

‘ಅದಕ್ಕೂ ನಲವತ್ಮೂರ ಐತಿ. ಅದೇನರ ಒದರಾಕತ್ತೈತೇನು?’

ಮರುದಿನ ಅದೇ ಹೊತ್ತಿಗೆ ಬಂದು, ಸ್ಕ್ರೂಡ್ರೈವರಿನಿಂದ ಮೊದಲು ಅದನ್ನು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಮೆಲ್ಲಗೆ ಸಡಿಲ ಮಾಡಿ, ಬೆರಳಿನಲ್ಲಿ ತಿರುಗಿಸಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಬಿಚ್ಚಬೇಕಾದ್ದನ್ನು ಮೊದಲು ಬಿಗಿ ಮಾಡಿದ್ದು ಯಾಕೆ ಎಂದು ಕೇಳಿದೆ. ‘ನಾವು ಬಿಚ್ಚಾಕ ಬಂದೇವಿ ಅಂತ ಅದಕ್ಕ ಗೊತ್ತಾಗಬಾರದು. ಇವರು ನಮ್ಮ ಕಡೇದವ್ರ ಅಂತ ಅದಕ್ಕ ಅನಸಬೇಕು’ ಎಂದರು. ಇಂಥ ಮಾತು ಹೇಳುವಾಗ ಅವರು ಎಂದೂ ನಗುತ್ತಿರಲಿಲ್ಲ. ತಮಾಷೆಯೋ ನಿಜವೋ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ನಿಜವೇ ಆಗಿತ್ತು.

ಆ ಕೆಂಪು ಎಣ್ಣೆ ಅವರದೇ ಪಾಕ. ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಗೆ ಥಿನ್ನರ್ ಬೆರೆಸಿದ್ದು. ಅಳತೆ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಬಾಟಲಿಯ ಮೇಲೆ ದಿನಕ್ಕೆ ಎರಡು ಬಾರಿ, ಊಟದ ನಂತರ ಎಂಬ ಹಳೆಯ ಚೀಟಿ ಹಾಗೇ ಇತ್ತು. ಕಾಕಾ ಅದನ್ನು ಪಾಲಿಸುತ್ತಲೂ ಇದ್ದರು. ಬೆಳಿಗ್ಗೆ ನಾಷ್ಟಾ ಆದಮೇಲೆ ಒಂದು ಸಲ, ರಾತ್ರಿ ಊಟವಾದ ಮೇಲೆ ಒಂದು ಸಲ ಶೆಡ್ಡಿಗೆ ಹೋಗಿ ಜಾಮ್ ಆದ ಬೋಲ್ಟುಗಳಿಗೆಲ್ಲ ಎರಡೆರಡು ಹನಿ. ಕಾಕು ಇದನ್ನು ನೋಡಿ, ‘ನನ್ನ ಸಲುವಾಗಿ ಒಂದ ದಿನಾನೂ ಹಿಂಗ ಕಾದಿಲ್ರಿ ಇವರು. ಸೀರಿ ಅಂಗಡ್ಯಾಗ ಐದ್ ಮಿನಿಟು ನಿಲ್ಲಂಗಿಲ್ಲ, ಬೋಲ್ಟಿಗೆ ವಾರಗಟ್ಟಲೆ ನಿಲ್ತಾರ’ ಎನ್ನುತ್ತಿದ್ದರು. ಕಾಕಾ ಅಷ್ಟರಲ್ಲಿ ಮುಂದಿನ ಬೋಲ್ಟಿಗೆ ಎಣ್ಣೆ ಬಿಡುತ್ತಿದ್ದರು. ಮಾತು ಸತ್ಯವೇ.

ಶೆಡ್ಡಿನ ಬಗ್ಗೆ ಹೇಳಲೇಬೇಕು. ಮನೆಯ ಹಿಂದೆ, ಪಕ್ಕದ ದವಾಖಾನೆಯ ಗೋಡೆಗೆ ಅಂಟಿಕೊಂಡಂತೆ ಒಂದು ತಗಡಿನ ಶೆಡ್ಡು. ಒಳಗೆ ಗೋಡೆಯುದ್ದಕ್ಕೂ ಹಲಗೆ. ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನು ಹಳದಿ ಬಣ್ಣದಲ್ಲಿ ಬರೆದಿದ್ದರು. ನಟ್ಟು ತಿರುಗಿಸುವ ಪಾನಾದ ಜಾಗದಲ್ಲಿ ಪಾನಾ, ಇಕ್ಕಳದ ಜಾಗದಲ್ಲಿ ಇಕ್ಕಳ. ಒಟ್ಟು ಎಪ್ಪತ್ತೆರಡು. ಕೆಲಸ ಶುರು ಮಾಡುವ ಮೊದಲು ಎಣಿಸುವುದು, ಮುಗಿದ ಮೇಲೆ ಎಣಿಸುವುದು. ‘ಒನ್, ಟೂ, ಥ್ರೀ’ ಎಂದು ಪರೇಡಿನ ದನಿಯಲ್ಲಿ ಎಣಿಸುತ್ತಿದ್ದರು. ವಿಮಾನದ ಇಂಜಿನ್ನಿನೊಳಗೆ ಒಂದು ಚಿಕ್ಕ ಪಾನಾ ಮರೆತು ಬಿಟ್ಟರೂ ಮೇಲೆ ಹೋದವರು ಕೆಳಗೆ ಬರುವ ಖಾತ್ರಿ ಇಲ್ಲ. ಅದಕ್ಕೇ ಉಪಕರಣ ಒಂದು ಕಡಿಮೆಯಾದರೂ ಅದು ಸಿಗುವ ತನಕ ಆ ವಿಮಾನ ಹಾರುವ ಹಾಗಿಲ್ಲ, ಅಲ್ಲಿದ್ದವರು ಯಾರೂ ಹೊರಗೆ ಹೋಗುವ ಹಾಗಿಲ್ಲ. ಈ ನಿಯಮವನ್ನು ಕಾಕಾ ನಿವೃತ್ತಿಯ ಜೊತೆ ಮನೆಗೆ ತಂದುಬಿಟ್ಟಿದ್ದರು. ಮಿಕ್ಸರ್ ರಿಪೇರಿಗೂ ಅದೇ ನಿಯಮ, ಮಕ್ಕಳ ಸೈಕಲ್ಲಿಗೂ ಅದೇ.

ಒಮ್ಮೆ ಕಾಕು ಅವರ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಎರಡು ಆಟೋ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದೆವು. ಎಣಿಕೆ ಎಪ್ಪತ್ತೊಂದು ಬಂತು. ರೇಷ್ಮೆ ಸೀರೆ ಉಟ್ಟ ಐದು ಜನ ಹೆಂಗಸರು ಶೆಡ್ಡಿನ ನೆಲದ ಮೇಲೆ ಬಗ್ಗಿ ಹುಡುಕಿದೆವು. ನಮ್ಮ ಪರ್ಸುಗಳನ್ನೂ ಕಾಕಾ ತೆಗೆಸಿ ನೋಡಿದರು. ಅರ್ಧ ಗಂಟೆಯ ಮೇಲೆ ಪಕ್ಕದ ಮನೆಯಾಕೆ ಉಪ್ಪಿನಕಾಯಿ ಭರಣಿಯ ಮುಚ್ಚಳ ಎಬ್ಬಿಸಲು ಒಯ್ದಿದ್ದ ಸ್ಕ್ರೂಡ್ರೈವರನ್ನು ತಂದುಕೊಟ್ಟಳು. ಕಾಕಾ ಅದನ್ನು ಹಲಗೆಗೆ ಸಿಕ್ಕಿಸಿ, ‘ಸೆವೆಂಟಿ ಟೂ’ ಎಂದು ಹೇಳಿ, ಏನೂ ಆಗದವರಂತೆ ಆಟೋ ಹತ್ತಿದರು. ನಾವು ಹೋಗುವ ಹೊತ್ತಿಗೆ ಉಂಗುರ ತೊಡಿಸಿ ಆಗಿತ್ತು.

ಇನ್ನು ದೋಣಿಯ ಮೋಟಾರಿನ ವಿಷಯ.

ನನ್ನದು ನೀರಿನ ಪರೀಕ್ಷೆ ಮಾಡುವ ಕಚೇರಿ. ಕೋರಾಡಿಯ ಕಡೆ ಒಂದು ಕೆರೆಯ ನಡುವಿನಿಂದ ತಿಂಗಳಿಗೊಮ್ಮೆ ನೀರಿನ ಮಾದರಿ ತರಬೇಕು. ಅದಕ್ಕೊಂದು ದೋಣಿ, ದೋಣಿಗೆ ಒಬ್ಬ ನಾವಿಕ. ಶಾಲಿಕರಾಮ್ ಎಂದು ಹೆಸರು, ಐವತ್ತರ ಆಸುಪಾಸು, ಹದಿನೆಂಟು ವರ್ಷದಿಂದ ದಿನಗೂಲಿ. ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರೂ ಇತ್ತು, ಆದರೆ ಅದು ಹಲವು ವರ್ಷದಿಂದ ಸ್ಟೋರಿನಲ್ಲಿ ಬಿದ್ದಿತ್ತು. ಶಾಲಿಕರಾಮ್ ಹುಟ್ಟು ಹಾಕಿಯೇ ನಮ್ಮನ್ನು ಕರೆದೊಯ್ಯುತ್ತಿದ್ದ. ಹೀಗಿರುವಾಗ ಹೊಸ ಸಾಹೇಬರೊಬ್ಬರು ಬಂದರು. ಅವರಿಗೆ ನೀರಿಗಿಂತ ಫೈಲು ಇಷ್ಟ. ಫೈಲಿನಲ್ಲಿ ‘ಮೋಟಾರ್ ದೋಣಿ ಒಂದು, ಅದರ ಚಾಲಕ ಒಬ್ಬ’ ಎಂದಿತ್ತು. ಮೋಟಾರು ಓಡದಿದ್ದರೆ ಅದು ಮೋಟಾರ್ ದೋಣಿ ಹೇಗಾಯಿತು, ಮೋಟಾರ್ ದೋಣಿ ಇಲ್ಲದಿದ್ದರೆ ಚಾಲಕ ಯಾಕೆ ಎಂದು ಕೇಳಿದರು. ಇಪ್ಪತ್ತು ದಿನ ಬಿಟ್ಟು ಒಂದು ಸಮಿತಿ ಬಂದು ನೋಡುತ್ತದೆ, ಮೋಟಾರು ಓಡದಿದ್ದರೆ ಮೋಟಾರು, ದೋಣಿ ಎರಡೂ ಗುಜರಿಗೆ, ಶಾಲಿಕರಾಮ್ ಮನೆಗೆ ಎಂದು ತೀರ್ಮಾನವಾಯಿತು. ಅವನ ಮಗಳು ಆಗ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ಅವನು ಯಾರ ಹತ್ತಿರವೂ ಏನೂ ಬೇಡಲಿಲ್ಲ. ಸ್ಟೋರಿಗೆ ಹೋಗಿ, ಮೋಟಾರಿನ ಮೇಲಿನ ಧೂಳನ್ನು ತನ್ನ ಹೆಗಲ ಮೇಲಿನ ವಸ್ತ್ರದಿಂದ ಒರೆಸುತ್ತ ಕೂತಿದ್ದ. ನಾನು ನೋಡಲಾರದೆ, ‘ನನಗೆ ಗೊತ್ತಿರುವವರೊಬ್ಬರಿದ್ದಾರೆ’ ಎಂದುಬಿಟ್ಟೆ.

ಮೋಟಾರನ್ನು ಸಣ್ಣ ಟೆಂಪೋದಲ್ಲಿ ಹಾಕಿಕೊಂಡು ಕಾಕಾನ ಶೆಡ್ಡಿಗೆ ತಂದೆವು. ಕಾಕಾ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಒಂದು ಬೆರಳಗಲವೂ ಬರಲಿಲ್ಲ. ಪಿಸ್ಟನ್ ಒಳಗೆ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಎಡಕ್ಕೆ ಬಲಕ್ಕೆ ತಿರುಗಬೇಕಾದ ಕುತ್ತಿಗೆ ತಿರುಗಲಿಲ್ಲ. ನೀರಿನೊಳಗೆ ತಿರುಗುವ ಪಂಖದ ನಟ್ಟು ಪಂಖದ ಜೊತೆ ಒಂದೇ ಲೋಹವಾಗಿ ಹೋಗಿತ್ತು.

‘ಕಾಕಾ, ಹೋಯೀಲ್ ಕಾ?’ ಆಗುತ್ತದಾ ಎಂದು ಶಾಲಿಕರಾಮ್ ಕೇಳಿದ.

ಕಾಕಾ ಅವನಿಗಲ್ಲ, ನನಗೆ ಉತ್ತರ ಕೊಟ್ಟರು: ‘ಇದನ್ನ ಕಡೇಕ ಬಂದ್ ಮಾಡಿದಾಗ ಒಳಗಿನ ನೀರು ಖಾಲಿ ಮಾಡಿಲ್ಲ. ಇದು ಸಿಟ್ಟಿನ್ಯಾಗ ಐತಿ. ಎಷ್ಟ್ ದಿನಾ ಐತಿ?’

‘ಇಪ್ಪತ್ತು ದಿನ.’

‘ಹೊಡೆಯಾಕಂದ್ರ ಇಪ್ಪತ್ ಮಿನಿಟು ಸಾಕು. ಬಿಡಸಾಕ ಇಪ್ಪತ್ ದಿನಾ ಕಡಿಮಿ. ನೋಡೂಣು.’

ಪ್ಲಗ್ಗು ಬಿಚ್ಚಿ ಆ ತೂತಿನೊಳಗೆ ಕೆಂಪು ಎಣ್ಣೆ ಸುರಿದರು. ದಿನಕ್ಕೆ ಎರಡು ಸಲ, ಊಟದ ನಂತರ. ಎಣ್ಣೆ ಹಾಕಿದ ಮೇಲೆ ಮರದ ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟುವುದು, ಕಿವಿಯಿಟ್ಟು ಕೇಳುವುದು, ಕೈ ಒರೆಸಿಕೊಂಡು ಒಳಗೆ ಹೋಗುವುದು. ಮೊದಲ ವಾರ ಇಷ್ಟೇ. ನಾನು ಕಚೇರಿಯಿಂದ ನೇರ ಅಲ್ಲಿಗೆ ಬರುತ್ತಿದ್ದೆ. ಶಾಲಿಕರಾಮ್ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ಕೂತಿರುತ್ತಿದ್ದ. ಮೂರನೆಯ ದಿನ ಅವನು ಮೋಟಾರಿಗೆ ಕುಂಕುಮ ಹಚ್ಚಿ ಒಂದು ದಾಸವಾಳ ಇಟ್ಟ. ಕಾಕಾ ಹೂವನ್ನು ಹಾಗೇ ಬಿಟ್ಟು, ಕುಂಕುಮವನ್ನು ಚಿಂದಿಯಿಂದ ಒರೆಸಿದರು. ‘ಥ್ರೆಡ್ಡಿನ್ಯಾಗ ಹೋದ್ರ ಅದೂ ಜಾಮ್ ಮಾಡತೈತಿ. ದೇವರಿಗೆ ಹೇಳು, ಒಣಾ ಹೂವಾ ಸಾಕು ಅಂತ.’

ಒಂದು ಸಂಜೆ ಕಾಕಾ ಒಳಗೆ ಚಹಾ ಕುಡಿಯಲು ಹೋದಾಗ ನನಗೆ ತಡೆಯಲಾಗಲಿಲ್ಲ. ಕೆಳಗಿನ ಒಂದು ಬೋಲ್ಟಿಗೆ ಪಾನಾ ಹಾಕಿ, ಸುಮ್ಮನೆ ನೋಡೋಣವೆಂದು, ಎಳೆದೆ. ಟಕ್ ಎಂದು ತಲೆ ಮುರಿದು ಕೈಗೆ ಬಂತು. ಶಾಲಿಕರಾಮ್ ಮುಖ ಮುಚ್ಚಿಕೊಂಡ. ಕಾಕಾ ಹೊರಗೆ ಬಂದು ನೋಡಿದರು. ಬೈಯಲಿಲ್ಲ. ಡ್ರಿಲ್ಲು ತಂದು ನನ್ನ ಕೈಗೆ ಕೊಟ್ಟು, ‘ಮುರಿದವರ ತೆಗೀಬೇಕು ಡಾಕ್ಟರಬಾಯಿ’ ಎಂದರು. ಪಿಎಚ್‌ಡಿ ಮಾಡಿದ್ದೇನೆಂದು ಅವರು ನನ್ನನ್ನು ಹಾಗೆ ಕರೆಯುತ್ತಿದ್ದುದು, ನಾನು ಏನಾದರೂ ದಡ್ಡತನ ಮಾಡಿದಾಗ ಮಾತ್ರ. ಉಲ್ಟಾ ತಿರುಗುವ ಡ್ರಿಲ್ಲಿನಿಂದ ಆ ತುಂಡನ್ನು ಕೊರೆದು ತೆಗೆಯಲು ನನಗೆ ಎರಡು ಸಂಜೆ ಹಿಡಿಯಿತು. ನನ್ನ ಪಿಎಚ್‌ಡಿಗೂ ನಾನು ಅಷ್ಟು ಬೆವರಿರಲಿಲ್ಲ.

ಒಂಬತ್ತನೆಯ ದಿನ ಕಾಕಾ ಮೇಲಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಒತ್ತಿದರು. ಅದು ಅಕ್ಕಿಕಾಳಿನಷ್ಟು ಸರಿಯಿತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಕಾಕಾ ಬೆರಳು ತುಟಿಗಿಟ್ಟು, ‘ಇವತ್ತಿಗೆ ಇಷ್ಟ ಸಾಕು. ಹೆಚ್ಚು ಮಾಡಿದ್ರ ಮುನಸ್ಕೋತೈತಿ’ ಎಂದು ಎಣಿಕೆ ಶುರು ಮಾಡಿದರು. ಎರಡು ಕಾಳು, ನಾಲ್ಕು ಕಾಳು, ಒಂದು ಗೇಣು ಎಂದು ಮೂರು ದಿನದಲ್ಲಿ ಚಕ್ರ ಪೂರ್ತಿ ಸುತ್ತು ಬಂತು. ಕುತ್ತಿಗೆಗೆ ಬೆಂಕಿಯ ಶಾಖ ಕೊಟ್ಟು, ಬಿಸಿಯಿರುವಾಗಲೇ ಸಂದಿಗೆ ಮೇಣದ ಬತ್ತಿ ತಾಗಿಸಿ, ಕರಗಿದ ಮೇಣವನ್ನು ಒಳಕ್ಕೆ ಕುಡಿಸಿದರು. ಪಂಖದ ನಟ್ಟಿಗೆ ಕುದಿಯುವ ನೀರಿನ ಸೇಕ. ಅಲ್ಯುಮಿನಿಯಂ ಬೇಗ ಹಿಗ್ಗುತ್ತದೆ, ಸ್ಟೀಲು ತಡವಾಗಿ ಹಿಗ್ಗುತ್ತದೆ, ಆ ಎರಡರ ನಡುವಿನ ವ್ಯತ್ಯಾಸದಲ್ಲೇ ನಮ್ಮ ಅನ್ನ ಇರುವುದು ಎಂದು ವಿವರಿಸಿದರು. ಇದಕ್ಕೆಲ್ಲ ಮನೆಯ ಮೇಣದ ಬತ್ತಿಗಳು, ದೊಡ್ಡ ಪಾತೇಲಿ, ಕೊನೆಗೆ ರೊಟ್ಟಿಯ ಹಂಚು ಸಹ ಶೆಡ್ಡಿಗೆ ಹೋದವು. ಕಾಕು ಎರಡು ದಿನ ಚಪಾತಿ, ರೊಟ್ಟಿ ಏನೂ ಮಾಡದೆ ಮೂವರಿಗೂ ಅನ್ನ ಸಾರು ಬಡಿಸಿ ಸೇಡು ತೀರಿಸಿಕೊಂಡರು.

ಹದಿನೆಂಟನೆಯ ದಿನ ಅಂಗಳದಲ್ಲಿ ನೀರು ತುಂಬಿದ ಡ್ರಮ್ಮಿನೊಳಗೆ ಮೋಟಾರನ್ನು ಇಳಿಬಿಟ್ಟು ಹಗ್ಗ ಎಳೆದರು. ಅದು ಕೆಮ್ಮಿತು, ಸುಮ್ಮನಾಯಿತು, ಮತ್ತೆ ಕೆಮ್ಮಿ ಹೊತ್ತಿಕೊಂಡಿತು. ಹೀರಿದ್ದ ಎಣ್ಣೆಯೆಲ್ಲ ಹೊಗೆಯಾಗಿ ದವಾಖಾನೆಯ ಕಿಟಕಿಗೆ ನುಗ್ಗಿತು. ರೋಗಿಗಳು ಚೀಟಿ ಹಿಡಿದು ರಸ್ತೆಗೆ ಬಂದರು. ಜಗಳಕ್ಕೆಂದು ಬಂದ ಡಾಕ್ಟರನ್ನು ಕಾಕಾ ಕೈಹಿಡಿದು ಡ್ರಮ್ಮಿನ ಹತ್ತಿರ ನಿಲ್ಲಿಸಿ, ಆವಾಜು ಹೇಗಿದೆ ಎಂದು ಕೇಳಿದರು. ಡಾಕ್ಟರು ಕೆಮ್ಮುತ್ತ, ಚೆನ್ನಾಗಿದೆ ಎಂದು ಹೇಳಿ ಹೋದರು. ಶಾಲಿಕರಾಮ್ ಮಾತ್ರ ನಡುಗುವ ಮೋಟಾರಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ.

ಸಮಿತಿ ಬರುವ ದಿನ ಬೆಳಿಗ್ಗೆ ಎಂಟಕ್ಕೇ ನಾವೆಲ್ಲ ಸೇರಿದೆವು. ಕಾಕಾ ಹಳೆಯ ನೀಲಿ ಓವರಾಲು ಹಾಕಿ ಸಿದ್ಧರಾಗಿದ್ದರು; ಮುಖ್ಯವಾದ ದಿನಗಳಿಗೆಂದು ಇಟ್ಟುಕೊಂಡಿದ್ದದ್ದು, ತೊಡೆಯ ಮೇಲೂ ಜೇಬು ಇರುವಂಥದ್ದು. ಪ್ಲಗ್ಗಿನ ಸಂದನ್ನು ಕೊನೆಯ ಸಲ ಅಳೆದು, ಮೇಲಿನ ಮುಚ್ಚಳ ಹಾಕಿ, ಟೆಂಪೋ ಬಾಗಿಲಿಗೆ ಬಂದಾಗ ಎಣಿಕೆ ಮಾಡಿದರು. ಎಪ್ಪತ್ತೊಂದು.

ಮತ್ತೆ ಎಣಿಸಿದರು. ಎಪ್ಪತ್ತೊಂದು. ಸಂದು ಅಳೆಯುವ ಕಿರುಬೆರಳುದ್ದದ ಸ್ಟೀಲು ಪಟ್ಟಿ ಕಾಣೆ.

‘ಕಾಕಾ, ಆಮೇಲೆ ಹುಡುಕೋಣ. ಹನ್ನೊಂದಕ್ಕೆ ಕಮಿಟಿ ಬರುತ್ತೆ. ಕೋರಾಡಿ ಮುಟ್ಟೋಕೇ ಒಂದು ಗಂಟೆ ಬೇಕು’ ಎಂದೆ.

‘ಇಂಜಿನ್ನ್ಯಾಗ ಬಿದ್ದಿದ್ರ?’

‘ಬಿದ್ದಿರಲ್ಲ ಕಾಕಾ.’

‘ಅದನ್ನ ನೀವು ಹೇಳಾಕ ಬರಂಗಿಲ್ಲ. ಎಣಿಕಿ ಹೇಳಬೇಕು.’

ಮೊದಲು ಶೆಡ್ಡು ಹುಡುಕಿದೆವು, ಆಮೇಲೆ ಅಂಗಳ, ಡ್ರಮ್ಮಿನ ತಳ, ಕಾಕುವಿನ ಹಿಟ್ಟಿನ ಡಬ್ಬಿ. ಆಮೇಲೆ ಜೇಬುಗಳು. ನನ್ನ ಬ್ಯಾಗನ್ನು ಸುರಿದರು. ಟೆಂಪೋ ಡ್ರೈವರನ ಜೇಬು ನೋಡಿದರು. ಶಾಲಿಕರಾಮನ ಚೀಲ ತೆಗೆಸಿದರು, ಊಟದ ಡಬ್ಬಿ ತೆಗೆಸಿದರು, ಪಲ್ಯದ ಮೇಲೆ ಮುಚ್ಚಿದ್ದ ಚಪಾತಿಯನ್ನು ಎತ್ತಿಸಿ ನೋಡಿದರು. ಅವನು ಎಲ್ಲ ತೋರಿಸಿ, ಡಬ್ಬಿ ಮುಚ್ಚಿಕೊಂಡ. ಆ ಕ್ಷಣ ನನಗೆ ಕಾಕಾನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈ ಮನುಷ್ಯನಿಗೆ ಒಂದು ಪಟ್ಟಿ ದೊಡ್ಡದು, ಎದುರಿಗೆ ನಿಂತವನ ಹದಿನೆಂಟು ವರ್ಷ ದೊಡ್ಡದಲ್ಲ ಎನ್ನಿಸಿತು. ಹಾಗೆಂದು ಹೇಳಿಯೂ ಬಿಟ್ಟೆ.

ಕಾಕಾ ಮೋಟಾರಿನ ಮುಚ್ಚಳ ಬಿಚ್ಚತೊಡಗಿದರು. ಚಕ್ರ ತೆಗೆದರು, ಅದರ ಕೆಳಗೆ ನೋಡಿದರು, ಕನ್ನಡಿ ಹಿಡಿದು ಸಂದುಗೊಂದುಗಳಲ್ಲಿ ನೋಡಿದರು. ಇಲ್ಲ. ಮತ್ತೆ ಎಲ್ಲ ಜೋಡಿಸಿದರು. ಹನ್ನೊಂದೂವರೆಯಾಗಿತ್ತು. ‘ಒಳಗ ಇಲ್ಲ. ಅದು ಪಕ್ಕಾ’ ಎಂದು ಹೇಳಿ, ಬೆವರು ಒರೆಸಿಕೊಳ್ಳಲು ತೊಡೆಯ ಜೇಬಿನಿಂದ ಕರವಸ್ತ್ರ ಎಳೆದರು. ಅದರ ಜೊತೆ ಪಟ್ಟಿಯೂ ಬಂದು ಟಣ್ಣನೆ ನೆಲಕ್ಕೆ ಬಿತ್ತು.

ಬಾಗಿಲಲ್ಲಿ ನಿಂತಿದ್ದ ಕಾಕು ತಕ್ಷಣ ಒಳಗೆ ಹೋಗಿಬಿಟ್ಟರು. ಎಲ್ಲರ ಜೇಬು ನೋಡಿದ್ದ ಕಾಕಾ ತಮ್ಮದೊಂದನ್ನು ನೋಡಿರಲಿಲ್ಲ. ಇಷ್ಟು ವರ್ಷದಲ್ಲಿ ನೋಡುವ ಪ್ರಮೇಯವೇ ಬಂದಿರಲಿಲ್ಲ. ಅವರು ಬಗ್ಗಿ ಪಟ್ಟಿಯನ್ನು ಎತ್ತಿ, ಒರೆಸಿ, ಹಲಗೆಯಲ್ಲಿ ಅದರ ಜಾಗಕ್ಕೆ ಸಿಕ್ಕಿಸಿದರು. ‘ಸೆವೆಂಟಿ ಟೂ’ ಎಂದರು. ದನಿ ಪರೇಡಿನದಾಗಿರಲಿಲ್ಲ.

ಕೆರೆ ಮುಟ್ಟುವಾಗ ಒಂದು ಗಂಟೆ. ಸಮಿತಿಯವರು ಹೋಗಿರಬೇಕಿತ್ತು. ಆದರೆ ಅವರ ಜೀಪಿನ ಡ್ರೈವರು, ಹೇಗೂ ಬಂದಿದ್ದೇನಲ್ಲ ಎಂದು ಕೀಲಿ ಜೇಬಿಗಿಟ್ಟುಕೊಂಡು ಕೋರಾಡಿಯ ದೇವಿಯ ದರ್ಶನಕ್ಕೆ ಹೋಗಿದ್ದ. ಕ್ಯೂ ಉದ್ದವಿತ್ತಂತೆ. ಸಾಹೇಬರು, ಲೆಕ್ಕದ ವಿಭಾಗದವರು, ಸ್ಟೋರಿನವರು ಮೂವರೂ ಜಾಲಿಯ ಮರದ ಕೆಳಗೆ ಬೆವರುತ್ತ ನಿಂತಿದ್ದರು. ಫಾರಮ್ಮು ತುಂಬಿ ಆಗಿತ್ತು. ಮೋಟಾರು ಹಾಜರಿಲ್ಲ, ದೋಣಿ ಗುಜರಿಗೆ. ಸಾಹೇಬರು ನಮ್ಮನ್ನು ನೋಡಿ, ‘ಈಗ ತಂದರೇನು? ಕೊಟ್ಟ ವೇಳೆ ಹನ್ನೊಂದು. ಚಾಲಕನಿಗೆ ಕಾಳಜಿ ಇದ್ದಿದ್ದರೆ ಹೊತ್ತಿಗೆ ಸರಿಯಾಗಿ ಇರುತ್ತಿದ್ದ’ ಎಂದರು. ಶಾಲಿಕರಾಮ್ ತಲೆ ತಗ್ಗಿಸಿದ.

ಕಾಕಾ ಮುಂದೆ ಹೋಗಿ ನೆಟ್ಟಗೆ ನಿಂತರು. ಹಿಂದಿಯಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. ‘ಸರ್, ಮೋಟಾರು ಒಂಬತ್ತಕ್ಕೇ ತಯಾರಿತ್ತು. ಈ ಮನುಷ್ಯನೂ ತಯಾರಿದ್ದ. ನನ್ನ ಒಂದು ಉಪಕರಣ ಕಾಣಲಿಲ್ಲವೆಂದು ನಾನು ಬಿಡಲಿಲ್ಲ. ಇವನ ಊಟದ ಡಬ್ಬಿ ತೆಗೆಸಿ ನೋಡಿದೆ. ಅದು ಇದ್ದದ್ದು ನನ್ನ ಜೇಬಿನಲ್ಲಿ. ತಡವಾದದ್ದು ನನ್ನ ತಪ್ಪಿನಿಂದ. ಕಾಗದ ಕೊಡಿ, ಬರೆದು ಸಹಿ ಹಾಕುತ್ತೇನೆ.’

ಲೆಕ್ಕದವರು ಫಾರಮ್ಮನ್ನು ತಿರುವಿ ನೋಡಿ, ಅದಕ್ಕೆ ಕಾಲಮ್ಮಿಲ್ಲ ಎಂದರು. ‘ಹಂಗಾದ್ರ ಹಿಂದಿನ ಮಗ್ಗಲಾ ಬರಿತೀನಿ’ ಎಂದು ಕಾಕಾ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿ, ನನ್ನ ಪೆನ್ನಿಗೆ ಕೈ ಚಾಚಿದರು. ಉಗುರುಗಳಲ್ಲಿ ಕೆಂಪು ಎಣ್ಣೆ ಇನ್ನೂ ಇತ್ತು. ಯಾರ ಮುಂದೆಯೂ ಚಾಚಿ ಗೊತ್ತಿಲ್ಲದ ಕೈ. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಪೆನ್ನಿನ ಕ್ಯಾಪು ತೆಗೆದು ಕೊಟ್ಟೆ. ಸಾಹೇಬರೂ ಆ ಕೈಯನ್ನೇ ನೋಡುತ್ತಿದ್ದರು. ನಮ್ಮ ಕಚೇರಿಯ ಇತಿಹಾಸದಲ್ಲಿ ತಪ್ಪು ನನ್ನದು ಎಂದು ಯಾರಾದರೂ ಬರೆದುಕೊಟ್ಟ ಉದಾಹರಣೆ ಇರಲಿಲ್ಲ. ಅಂಥ ಕಾಗದವನ್ನು ಯಾವ ಫೈಲಿಗೆ ಹಾಕುವುದೆಂದು ಅವರಿಗೆ ಹೊಳೆಯಲಿಲ್ಲವೋ ಏನೋ. ಫಾರಮ್ಮನ್ನು ಮಡಚಿ, ‘ಡ್ರೈವರು ಬರುವ ತನಕ ನಮಗೂ ಬೇರೆ ಕೆಲಸವಿಲ್ಲ. ಓಡಿಸಿ ನೋಡೋಣ’ ಎಂದರು.

ಶಾಲಿ‌ಕರಾಮ್ ಹಗ್ಗ ಎಳೆದ. ಐದು ಸಲ ಎಳೆದರೂ ಬರೀ ಕೆಮ್ಮು. ಆರನೆಯ ಸಲಕ್ಕೆ ಹೊತ್ತಿಕೊಂಡಿತು. ಸಾಹೇಬರು ಲೈಫ್ ಜಾಕೆಟ್ ಹಾಕಿಕೊಂಡು ಅಂಜುತ್ತ ಹತ್ತಿದವರು, ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು ಹೋಗೋಣ ಎಂದರು. ಡ್ರೈವರು ಹಣೆಗೆ ಕುಂಕುಮ ಹಚ್ಚಿಕೊಂಡು ಬಂದಾಗ ಮೂರನೆಯ ಸುತ್ತು ನಡೆದಿತ್ತು. ದಡಕ್ಕೆ ಬಂದು, ಹಳೆಯ ಫಾರಮ್ಮು ಹರಿದು, ಹೊಸದರಲ್ಲಿ ಮೋಟಾರು ಸುಸ್ಥಿತಿಯಲ್ಲಿದೆ, ಚಾಲಕ ಮುಂದುವರಿಯಬಹುದು ಎಂದು ಬರೆಸಿ ಸಹಿ ಮಾಡಿದರು.

ಜೀಪು ಹೋದ ಮೇಲೆ ಶಾಲಿಕರಾಮ್ ಕಾಕಾನ ಕಾಲು ಮುಟ್ಟಲು ಬಗ್ಗಿದ. ಕಾಕಾ ಅವನ ಎರಡೂ ತೋಳು ಹಿಡಿದು ಎಬ್ಬಿಸಿದರು. ಡಬ್ಬಿ ತೆಗೆಸಿದ್ದು ತಪ್ಪಾಯಿತು ಎಂದು ಮರಾಠಿಯಲ್ಲಿ ಹೇಳಿದರು. ಆಮೇಲೆ, ನಾಳೆಯಿಂದ ಎಣಿಕೆ ನೀನು ಮಾಡು, ನಾನು ಬರೀ ಕೆಲಸ ಮಾಡುತ್ತೇನೆ ಎಂದರು. ನಿಮ್ಮ ಹಾಗೆ ಇಂಗ್ಲಿಷಿನಲ್ಲಿ ನನಗೆ ಎಣಿಸಲು ಬರುವುದಿಲ್ಲ ಎಂದು ಶಾಲಿಕರಾಮ್ ಹೇಳಿದ. ಮರಾಠಿಯಲ್ಲಿ ಎಣಿಸಿದರೂ ಎಪ್ಪತ್ತೆರಡೇ ಆಗುತ್ತದೆ ಎಂದರು ಕಾಕಾ.

ಅಂದಿನಿಂದ ಶಾಲಿಕರಾಮ್ ಕಚೇರಿ ಬಿಟ್ಟ ಮೇಲೆ ಸೈಕಲ್ಲಿನಲ್ಲಿ ಧರಮಪೇಠಕ್ಕೆ ಬರುತ್ತಿದ್ದ. ನಾನು ನಾಗಪುರ ಬಿಡುವ ತನಕ ಒಂದು ದಿನವೂ ತಪ್ಪಿಸಿದ್ದನ್ನು ನೋಡಲಿಲ್ಲ. ಅವನು ಕಾಕಾಗಿಂತ ಕಟ್ಟುನಿಟ್ಟು. ಎರಡೆರಡು ಸಲ ಎಣಿಸುತ್ತಿದ್ದ, ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ. ಕಾಕು ಒಳಗಿನಿಂದ, ‘ರೊಟ್ಟಿ ಆರಾಕತ್ತಾವು, ಬರ್ರಿ’ ಎಂದು ಕೂಗುತ್ತಿದ್ದರು. ‘ತಡೀ, ಅವ ಇನ್ನೂ ಎಣಸಾಕತ್ತಾನ’ ಎಂದು ಕಾಕಾ ಹೊರಗಿನಿಂದ ಹೇಳುತ್ತಿದ್ದರು. ಶೆಡ್ಡಿನ ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಯಾರೂ ಕೇಳದಿದ್ದರೂ ತಮ್ಮ ಎಲ್ಲ ಜೇಬುಗಳನ್ನೂ ತಾವೇ ಹೊರಕ್ಕೆ ಎಳೆದು, ಅವುಗಳ ಬಿಳಿ ಒಳಬಟ್ಟೆ ಎರಡೂ ಕಡೆ ಜೋತಾಡುತ್ತಿರಲು, ಒಳಗಿನಿಂದ ‘ಬಹಾತ್ತರ್, ಬರೋಬರ್’, ಎಪ್ಪತ್ತೆರಡು ಸರಿ, ಎಂಬ ದನಿ ಬರುವ ತನಕ ಕಾಕಾ ಕೈಕಟ್ಟಿಕೊಂಡು ಕೂತಿರುತ್ತಿದ್ದರು.